ನೋಯುವ ಕಿವಿ, ಸೋರುವ ಕಿವಿ

“ರಾತ್ರಿಯೆಲ್ಲ ಕಿವಿ ಹಿಡ್ಕೊಂಡು ಅತ್ತವ್ನೆ, ಏನಾದ್ರೂ ಕೊಡಿ ಅಂತ ಅಂಗಡಿ ಬಾಗಿಲು ತೆಗೆಯೋ ಮುಂಚೆನೇ ಬಂದು ನಿಂತಿರ್ತಾರೆ. ಮಗೀಗೂ ನಿದ್ದೆ ಇಲ್ಲ, ತಾಯಿಗೂ ನಿದ್ದೆ ಇಲ್ಲ. ಆ ಹೊತ್ನಲ್ಲಿ ಆಂಟಿಬಯೋಟಿಕ್ ಬೇಡ ಕಣಮ್ಮ ಅನ್ನೋಕೆ ಬಾಯಿ ಬರ್ತದಾ, ನೀನೇ ಹೇಳವ್ವ.”

ಕೇಳಿದವರು ಪಾಂಡವಪುರದಲ್ಲಿ ಬಹಳ ಕಾಲದಿಂದ ಔಷಧದ ಅಂಗಡಿ ಇಟ್ಟುಕೊಂಡಿರುವ ಹಿರಿಯರು. ಕೇಳಿಸಿಕೊಂಡವರು ಅವರ ಅಕ್ಕನ ಮಗಳು, ಮೈಸೂರಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆ. ನಾಗಮಂಗಲದ ನೆಂಟರ ಮನೆಯಲ್ಲಿ ನಾಮಕರಣ. ವೈದ್ಯೆ ಶ್ರೀರಂಗಪಟ್ಟಣ ದಾಟಿ ಬಂದು ಪಾಂಡವಪುರದಲ್ಲಿ ಮಾವನನ್ನು ಕಾರಿಗೆ ಹತ್ತಿಸಿಕೊಂಡಿದ್ದರು. ಕೆ.ಆರ್. ಪೇಟೆಯಲ್ಲಿ ಅತ್ತೆಯೊಬ್ಬರನ್ನು ಕರೆದುಕೊಳ್ಳಬೇಕಿದ್ದರಿಂದ ದಾರಿ ಸುತ್ತಾಗಿತ್ತು, ಮಾತಿಗೆ ಬೇಕಾದಷ್ಟು ಹೊತ್ತಿತ್ತು.

“ಬಾಯಿ ಬರಬೇಕು ಮಾವ. ಆದರೆ ‘ಬೇಡ’ ಅನ್ನೋದು ಮೊದಲ ಮಾತಾಗಬಾರದು. ಮೊದಲು ನೋವಿಗೆ ಕೊಡಿ. ಪ್ಯಾರಾಸಿಟಮಾಲ್, ತೂಕಕ್ಕೆ ತಕ್ಕಂತೆ. ಒಂದು ಕಿಲೋಗೆ 15 ಮಿಲಿಗ್ರಾಂ ಲೆಕ್ಕ. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ 150. ಆರು ಗಂಟೆ ಬಿಟ್ಟು ಮತ್ತೆ ಕೊಡಬಹುದು.”

“ಅದು ನಂಗೊತ್ತಿಲ್ವಾ? 125ರ ಬಾಟ್ಲಿಲಿ ಆರು ಎಂ.ಎಲ್., 250ರದ್ರಲ್ಲಿ ಮೂರು. ಜನಕ್ಕೆ ಅದು ಔಸ್ತಿ ಅನ್ನಿಸಲ್ಲ. ‘ಬರೀ ಜ್ವರದ ಸಿರಪ್ ಕೊಟ್ಟು ಕಳಿಸ್ದ’ ಅಂತಾರೆ.”

“ಅನ್ನಲಿ. ನೋವನ್ನು ಮೊದಲ ದಿನ ತಗ್ಗಿಸೋದು ಅದೇ, ಆಂಟಿಬಯೋಟಿಕ್ ಅಲ್ಲ. ಇದು ನನ್ನ ಅಭಿಪ್ರಾಯ ಅಲ್ಲ ಮಾವ, ಸಾವಿರಾರು ಮಕ್ಕಳ ಮೇಲೆ ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆಯವರು ಲೆಕ್ಕ ಹಾಕಿಟ್ಟಿದ್ದಾರೆ. ಮಧ್ಯಕಿವಿಯ ಸೋಂಕಾದ ನೂರು ಮಕ್ಕಳಲ್ಲಿ ಸುಮಾರು ಅರವತ್ತು ಮಕ್ಕಳಿಗೆ ಒಂದು ದಿನದೊಳಗೆ ನೋವು ಹೋಗುತ್ತೆ, ಆಂಟಿಬಯೋಟಿಕ್ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಎರಡು ಮೂರು ದಿನ ಆದ ಮೇಲೆ ನೋಡಿದರೆ ವ್ಯತ್ಯಾಸ ಕಾಣುತ್ತೆ. ಇಪ್ಪತ್ತು ಮಕ್ಕಳಿಗೆ ಕೊಟ್ಟರೆ ಒಂದು ಮಗುವಿಗೆ ನೋವು ಬೇಗ ಕಡಿಮೆಯಾಗಿರುತ್ತೆ. ಇತ್ತ ಹದಿನಾಲ್ಕು ಮಕ್ಕಳಿಗೆ ಕೊಟ್ಟರೆ ಒಂದು ಮಗುವಿಗೆ ವಾಂತಿ, ಭೇದಿ ಇಲ್ಲವೇ ಮೈಮೇಲೆ ಗಂಧೆ.”

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ವ್ಯಾಪಾರದಲ್ಲಿ ಲೆಕ್ಕ ಹಾಕಿ ಅಭ್ಯಾಸವಾದವರಿಗೆ ಇಪ್ಪತ್ತಕ್ಕೂ ಹದಿನಾಲ್ಕಕ್ಕೂ ಇರುವ ಅಂತರ ಹೇಳಿಕೊಡಬೇಕಾಗಿಲ್ಲ.

“ಹಂಗಾದ್ರೆ ಯಾರಿಗೂ ಬೇಡ ಅಂತೀಯಾ?”

“ಅಯ್ಯೋ, ಇಲ್ಲ! ಕೆಲವರಿಗೆ ಬೇಕೇ ಬೇಕು. ಆರು ತಿಂಗಳ ಒಳಗಿನ ಕೂಸಿಗೆ ಕಾಯೋ ಹಾಗಿಲ್ಲ. ಎರಡು ವರ್ಷದ ಒಳಗಿದ್ದು ಎರಡೂ ಕಿವಿಗೆ ಸೋಂಕಾಗಿದ್ದರೆ ಕೊಡಬೇಕು. ಜ್ವರ 39 ಡಿಗ್ರಿ, ಅಂದರೆ 102ರ ಮೇಲೆ ಹೋಗಿದ್ದರೆ, ನೋವು ಎರಡು ದಿನ ಆದರೂ ಬಿಡದಿದ್ದರೆ, ಕಿವಿಯ ತಮಟೆ ಒಡೆದು ಕೀವು ಹೊರಗೆ ಬಂದಿದ್ದರೆ ಕೊಡಬೇಕು. ಉಳಿದ ಮಕ್ಕಳನ್ನು ಎರಡು ಮೂರು ದಿನ ಕಾದು ನೋಡಬಹುದು. ನೆದರ್ಲೆಂಡ್ಸ್‌ನ ಕುಟುಂಬ ವೈದ್ಯರು 1990ರಲ್ಲೇ ಹೀಗೆ ನಿಯಮ ಮಾಡಿಕೊಂಡರು. ಅಮೆರಿಕದ ಮಕ್ಕಳ ವೈದ್ಯರ ಸಂಘ 2004ರಲ್ಲಿ ಒಪ್ಪಿಕೊಂಡು 2013ರಲ್ಲಿ ತಿದ್ದಿತು. ಇನ್ನು ಕಿವಿಯ ಹಿಂದಿನ ಮೂಳೆ ಊದಿ ಕಿವಿ ಮುಂದಕ್ಕೆ ಬಂದಿದ್ದರೆ, ಮುಖ ಒಂದು ಕಡೆಗೆ ವಾಲಿದ್ದರೆ, ಕುತ್ತಿಗೆ ಬಿಗಿದು ವಾಂತಿಯಾಗುತ್ತಿದ್ದರೆ ನಿಮ್ಮ ಅಂಗಡಿಯಲ್ಲೂ ನಿಲ್ಲಿಸಬೇಡಿ, ನೇರ ದೊಡ್ಡ ಆಸ್ಪತ್ರೆ.”

“ಒಳಗೆ ಒಂದು ಕಿವಿಗಾಗದೋ ಎರಡಕ್ಕಾಗದೋ ನಂಗೆ ಹೆಂಗ್ ಕಾಣ್ಬೇಕು?”

“ಅದನ್ನೇ ನಾನೂ ಹೇಳೋದು. ಕಿವಿಯೊಳಗೆ ಬೆಳಕು ಬಿಟ್ಟು ತಮಟೆ ಕೆಂಪಾಗಿ ಉಬ್ಬಿದೆಯೋ ಇಲ್ಲವೋ ನೋಡದೆ ಇದು ಮಧ್ಯಕಿವಿಯ ಸೋಂಕು ಅಂತ ಯಾರೂ ಹೇಳೋ ಹಾಗಿಲ್ಲ. ಗುಗ್ಗೆ ಗಟ್ಟಿಯಾಗಿದ್ದರೂ ನೋವು, ಹೊರಕಿವಿಯಲ್ಲಿ ಕುರು ಎದ್ದಿದ್ದರೂ ನೋವು, ದವಡೆ ಹಲ್ಲು ಹುಳುಕಾಗಿದ್ದರೂ ಕಿವಿಯೇ ನೋಯುತ್ತೆ. ನೋಡದೆ ಕೊಟ್ಟ ಔಷಧ ಯಾವ ರೋಗಕ್ಕೆ ಕೊಟ್ಟ ಹಾಗಾಯಿತು?”

ಚಿನಕುರಳಿಯ ಕಡೆಗೆ ಹೋಗುವ ರಸ್ತೆಯ ಎಡಬಲಕ್ಕೂ ಕಬ್ಬು. ಮಾವ ಕಿಟಕಿ ಇಳಿಸಿ ನಾಲೆಯ ಕಡೆ ಕೈ ತೋರಿದರು. ವಿಶ್ವೇಶ್ವರಯ್ಯ ನಾಲೆಯಲ್ಲಿ ಬೇಸಿಗೆಯಿಡೀ ಹುಡುಗರು ಧುಮುಕುತ್ತಾರೆ, ಕಿವಿಗೆ ನೀರು ಹೋಗುತ್ತದೆ, ಅಲ್ಲಿಂದಲೇ ಎಲ್ಲ ಶುರು ಎಂಬುದು ಅವರ ನಂಬಿಕೆ. ಅವರದ್ದು ಮಾತ್ರವಲ್ಲ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಮನೆಮನೆಯ ನಂಬಿಕೆ.

“ತಮಟೆ ನೆಟ್ಟಗಿದ್ದರೆ ನೀರು ಒಳಗೆ ದಾಟೋದಿಲ್ಲ ಮಾವ. ಮಧ್ಯಕಿವಿಗೆ ರೋಗ ಬರೋದು ಮೂಗಿನ ಹಿಂದಿನಿಂದ. ಅಲ್ಲಿಂದ ಕಿವಿಗೆ ಒಂದು ಸಣ್ಣ ನಾಳ ಇದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಗುವಿನಲ್ಲಿ ಗಿಡ್ಡ, ಹೆಚ್ಚುಕಡಿಮೆ ಮಟ್ಟಸ. ನೆಗಡಿಯಾದಾಗ ನಾಳದ ಬಾಯಿ ಊದಿ ಮುಚ್ಚಿಕೊಳ್ಳುತ್ತೆ, ಒಳಗೆ ದ್ರವ ಕಟ್ಟಿಕೊಳ್ಳುತ್ತೆ, ಮೂಗಿನ ಹಿಂದೆ ಇದ್ದ ನ್ಯುಮೋಕಾಕಸ್, ಹಿಮೋಫಿಲಸ್ ಅನ್ನೋ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತವೆ. ಎಷ್ಟೋ ಸಲ ವೈರಸ್ ಒಂದೇ ಇರುತ್ತೆ, ಅದಕ್ಕೆ ಆಂಟಿಬಯೋಟಿಕ್ ತಾಗೋದೇ ಇಲ್ಲ. ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸೋದು, ಮನೆಯೊಳಗೆ ಬೀಡಿ ಸೇದೋದು ಇದನ್ನೆಲ್ಲ ಹೆಚ್ಚಿಸುತ್ತೆ. ಎದೆಹಾಲು ಕುಡಿದ ಮಕ್ಕಳಿಗೆ ಕಡಿಮೆ.”

“ಅದೇನೋ ಹೊಸ ಚುಚ್ಚುಮದ್ದು ಬಂತಲ್ಲ, ನ್ಯುಮೋನಿಯಾದ್ದು?”

“ಪಿಸಿವಿ. 2021ರಿಂದ ದೇಶದ ಎಲ್ಲಾ ಕಡೆ ಸರ್ಕಾರವೇ ಉಚಿತವಾಗಿ ಹಾಕಿಸ್ತಿದೆ. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಆಮೇಲೆ ಒಂಬತ್ತನೇ ತಿಂಗಳಿಗೆ. ಕಿವಿಗೂ ಕೆಲವು ಬಗೆಯ ನ್ಯುಮೋಕಾಕಸ್‌ನಿಂದ ರಕ್ಷಣೆ ಸಿಗುತ್ತೆ. ಅಂಗನವಾಡಿಯಲ್ಲೇ ಹಾಕ್ತಾರೆ, ನಿಮ್ಮ ಅಂಗಡಿಗೆ ಬಂದ ತಾಯಂದಿರನ್ನು ಆ ಮೂರೂ ಆಯ್ತಾ ಅಂತ ಒಂದು ಮಾತು ಕೇಳಿ.”

ಇಲ್ಲಿಯವರೆಗೆ ವೈದ್ಯೆಯದೇ ಮೇಲುಗೈ. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಜನರನ್ನು ನೋಡಿದವರ ಹತ್ತಿರ ಬೇರೆ ಒಂದು ತಿಳಿವಳಿಕೆ ಇರುತ್ತದೆ, ಅದನ್ನು ಪುಸ್ತಕದಲ್ಲಿ ಬರೆದಿರುವುದಿಲ್ಲ.

“ಒಸಿ ನನ್ನ ಮಾತೂ ಕೇಳು. ಆ ನೆದರ್ಲೆಂಡ್ಸ್‌ನವ್ನಿಗೆ ಡಾಕ್ಟ್ರು ಪಕ್ಕದ ಬೀದಿಲಿ ಅವ್ರೆ. ಎರಡು ದಿನ ಬಿಟ್ಟು ಬಾ ಅಂದ್ರೆ ಸೈಕಲ್ ಹತ್ಕೊಂಡು ಬತ್ತಾನೆ. ಕಿಕ್ಕೇರಿ ಆಚೆಯ ಹಳ್ಳಿಯಿಂದ ಕೂಲಿ ಬಿಟ್ಟು, ಬಸ್ ಕಾದು, ಮಗಾ ಎತ್ಕೊಂಡು ತಾಲ್ಲೂಕು ಆಸ್ಪತ್ರೆಗೆ ಬಂದೋಳಿಗೆ ‘ನಾಡಿದ್ದು ಬಾರಮ್ಮ, ನೋಡಾನ’ ಅಂದ್ರೆ ಅವಳು ಬತ್ತಾಳಾ? ಬರಲ್ಲ. ಆ ಮಗೀಗೆ ಕೆಟ್ಟದ್ದಾದ್ರೆ ಯಾರು ನೋಡೋರು?”

“ಸರಿ ಮಾವ. ಈ ಮಾತಿಗೆ ನಾನು ತಲೆಬಾಗಬೇಕು.” ವೈದ್ಯೆ ನಿಧಾನವಾಗಿ ಮುಂದುವರಿಸಿದರು. “ನಾನು ಹೇಳಿದ ಲೆಕ್ಕವೆಲ್ಲ ಹೆಚ್ಚಾಗಿ ಶ್ರೀಮಂತ ದೇಶಗಳ ಮಕ್ಕಳದ್ದು. ಆಸ್ಟ್ರೇಲಿಯಾದಲ್ಲೇ ಮೂಲನಿವಾಸಿಗಳ ಮಕ್ಕಳಲ್ಲಿ ಕಿವಿ ಸೋರೋದು ಬಹಳ, ಅಲ್ಲಿ ಆ ಮಕ್ಕಳಿಗೆ ಕಾಯದೆ ಆಂಟಿಬಯೋಟಿಕ್ ಕೊಡಿ ಅಂತಲೇ ನಿಯಮ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಕಾಯಿಲೆಗಳಿಗೆ ಅಂತ ಕಲಿಸೋ ಐಎಂಎನ್‌ಸಿಐ ಪದ್ಧತಿಯೂ ಕಿವಿನೋವಿಗೆ, ಹದಿನಾಲ್ಕು ದಿನದೊಳಗಿನ ಕೀವಿಗೆ ಐದು ದಿನ ಅಮಾಕ್ಸಿಸಿಲಿನ್ ಅನ್ನುತ್ತೆ. ತಿರುಗಿ ಬರೋ ಖಾತ್ರಿ ಇಲ್ಲದ ಕಡೆ ಕೊಟ್ಟು ಕಳಿಸೋದು ತಪ್ಪಲ್ಲ. ಯಾರು ತಿರುಗಿ ಬರ್ತಾರೆ, ಯಾರು ಬರಲ್ಲ ಅಂತ ವೈದ್ಯರು ಕೇಳಿ ತಿಳ್ಕೋಬೇಕು. ಶ್ರೀರಂಗಪಟ್ಟಣದಲ್ಲೇ ಮನೆ ಇದ್ದು ಫೋನಿನಲ್ಲಿ ಸಿಗೋ ತಾಯಿಗೆ ಒಂದು ನ್ಯಾಯ, ನೀವು ಹೇಳಿದ ತಾಯಿಗೆ ಇನ್ನೊಂದು.”

“ಚೀಟಿ ಬರ್ಕೊಟ್ಟು, ಎರಡು ದಿನ ಆದ್ಮೇಲೆ ತಗೊ ಅಂದ್ರೆ?”

“ಅದನ್ನೂ ಮಾಡಿ ನೋಡಿದ್ದಾರೆ. ಅಮೆರಿಕದ ನ್ಯೂ ಹೇವನ್‌ನ ಒಂದು ಆಸ್ಪತ್ರೆಯ ಪ್ರಯೋಗ, 2006ರಲ್ಲಿ ಪ್ರಕಟ ಆಯ್ತು. ‘ಕಾದು ನೋಡಿ, ಕಡಿಮೆ ಆಗದಿದ್ದರೆ ಮಾತ್ರ ಕೊಳ್ಳಿ’ ಅಂತ ಚೀಟಿ ಪಡೆದವರಲ್ಲಿ ನೂರಕ್ಕೆ 62 ಮಂದಿ ಔಷಧ ಕೊಳ್ಳಲೇ ಇಲ್ಲ.”

“ನಮ್ಮಲ್ಲಿ ಆವತ್ತೇ ತಗೋತಾರೆ. ಊರಿಂದ ಅಂಗಡಿಗೆ ಇನ್ನೊಂದ್ಸಲ ಯಾರು ಬಸ್ ಚಾರ್ಜು ಕೊಡ್ತಾರೆ?”

“ತಗೊಳ್ಳಲಿ, ಮನೆಯಲ್ಲಿ ಇಟ್ಟುಕೊಳ್ಳಲಿ. ಪುಡಿಗೆ ನೀರು ಬೆರೆಸದೆ ಹಾಗೇ ಇಡೋಕೆ ಹೇಳಿ, ಯಾವತ್ತು ಬೆರೆಸಬೇಕು ಅನ್ನೋ ತಾರೀಖನ್ನು ಡಬ್ಬಿಯ ಮೇಲೆ ನೀವೇ ದಪ್ಪಗೆ ಬರೆದುಕೊಡಿ.”

ಮಾವನಿಗೆ ಈ ಸಲಹೆ ಹಿಡಿಸಿತು. ಕೆಲಸಕ್ಕೆ ಬರುವ ಮಾತು ಎಂದರೆ ಇಂಥದ್ದು. ಮಕ್ಕಳ ಅಮಾಕ್ಸಿಸಿಲಿನ್ ಬರುವುದು ಒಣಪುಡಿಯ ರೂಪದಲ್ಲಿ. ಕಾಯಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಬೇಕು, ಕುಲುಕಬೇಕು, ನೊರೆ ಇಳಿದು ಮಟ್ಟ ತಗ್ಗಿದರೆ ಮತ್ತೆ ಗೆರೆ ಮುಟ್ಟುವಷ್ಟು ಹಾಕಬೇಕು. ಬೆರೆಸಿದ ಮೇಲೆ ಸಾಮಾನ್ಯವಾಗಿ ಏಳು ದಿನದ ಆಯುಸ್ಸು. ಗೆರೆ ನೋಡದೆ ನೀರು ತುಂಬಿದರೆ ಔಷಧ ತೆಳ್ಳಗಾಗುತ್ತದೆ, ಮನೆಯ ಚಮಚದಲ್ಲಿ ಅಳೆದರೆ ಪ್ರಮಾಣ ಏರುಪೇರಾಗುತ್ತದೆ. ಈ ಸಣ್ಣ ಕೆಲಸಗಳು ತಪ್ಪಿದರೆ ಎಷ್ಟು ಒಳ್ಳೆಯ ವೈದ್ಯರು ಬರೆದ ಚೀಟಿಯೂ ಕೆಡುತ್ತದೆ.

“ಒಂದು ಲೆಕ್ಕ ಹಾಕೋಣ ಮಾವ. ಹತ್ತು ಕಿಲೋ ಮಗು. ಕಿವಿಯ ಸೋಂಕಿಗೆ ಈಗ ಹೇಳೋ ಪ್ರಮಾಣ ದಿನಕ್ಕೆ ಕಿಲೋಗೆ 80ರಿಂದ 90 ಮಿಲಿಗ್ರಾಂ, ಎರಡು ಹೊತ್ತಾಗಿ. ಅಂದರೆ ದಿನಕ್ಕೆ ಕನಿಷ್ಠ 800. ನಿಮ್ಮ 30 ಎಂ.ಎಲ್. ಬಾಟಲಿ, 125ರ ಶಕ್ತಿಯದ್ದು, ಅದರಲ್ಲಿ ಒಟ್ಟು ಎಷ್ಟಿದೆ?”

“ಐದು ಎಂ.ಎಲ್.ಗೆ 125... ಏಳ್ನೂರೈವತ್ತು.” ಮಾವ ತಟ್ಟನೆ ನಿಲ್ಲಿಸಿದರು. “ಒಂದು ದಿನಕ್ಕೂ ಸಾಲ್ದು!”

“ಐದು ದಿನಕ್ಕೆ 4000 ಬೇಕು. ಜನ ಒಂದು ಬಾಟಲಿ ಕೊಂಡುಕೊಂಡು, ಅರ್ಧರ್ಧ ಚಮಚ ಕುಡಿಸಿ, ಮೂರನೇ ದಿನಕ್ಕೆ ನೋವು ನಿಂತಾಗ ಉಳಿದದ್ದನ್ನು ಗೂಡಿನಲ್ಲಿಟ್ಟು, ಮುಂದಿನ ತಿಂಗಳು ತಂಗಿಗೆ ಕೆಮ್ಮು ಬಂದಾಗ ಅದನ್ನೇ ಹಾಕ್ತಾರೆ. ರೋಗ ವಾಸಿಯಾದದ್ದು ತಾನಾಗಿ, ಹೆಸರು ಬಂದದ್ದು ಔಷಧಕ್ಕೆ. ಮೂಗಿನ ಹಿಂದಿದ್ದ ಬ್ಯಾಕ್ಟೀರಿಯಾಗಳು ಮಾತ್ರ ಸಾಯದೆ ಔಷಧದ ರುಚಿ ಕಂಡಿರುತ್ತವೆ. ಕೊಡೋದಾದರೆ ತುಂಬು ಪ್ರಮಾಣ, ಹೇಳಿದಷ್ಟು ದಿನ. ಎರಡು ವರ್ಷದೊಳಗಿನ ಮಗುವಿಗೆ ಹತ್ತು ದಿನ ಬೇಕಾಗಬಹುದು, ಐದು ದಿನ ಕೊಟ್ಟವರಲ್ಲಿ ಸೋತದ್ದು ನೂರಕ್ಕೆ 34, ಹತ್ತು ದಿನದವರಲ್ಲಿ 16 ಅಂತ 2016ರ ಒಂದು ಅಧ್ಯಯನ ತೋರಿಸಿದೆ.”

“ಈಗೀಗ ಡಾಕ್ಟ್ರುಗಳೇ ಅಮಾಕ್ಸಿಸಿಲಿನ್ ಬರೆಯೋದು ಕಮ್ಮಿ ಕಣವ್ವ. ಎಲ್ಲಾ ಸೆಫಿಕ್ಸಿಮ್ಮು, ಅಜಿತ್ರೋಮೈಸಿನ್ನು. ಸೆಫಿಕ್ಸಿಮ್ ಎಚ್-ಒನ್ ಪಟ್ಟಿಲದೆ, ಚೀಟಿ ನೋಡಿ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಕಾಪಾಡ್ಬೇಕು. 2014ರಿಂದ ಅದೊಂದು ಕೆಲಸ ನಮಗೆ. ಜನಕ್ಕೆ ಅದು ದುಬಾರಿ ಔಸ್ತಿ, ಅದಕ್ಕೇ ಒಳ್ಳೇದು.”

ಬೇಸರಪಡಬೇಕಾದ ಸಂಗತಿಯಿದು. ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಮೊದಲು ಬಳಸಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಯ ಗತಿಗೆಂದು ಕಾದಿರಿಸಬೇಕಾದವು. ಅಮಾಕ್ಸಿಸಿಲಿನ್ ಮೊದಲ ಗುಂಪಿನದು, ಸೆಫಿಕ್ಸಿಮ್ ಮತ್ತು ಅಜಿತ್ರೋಮೈಸಿನ್ ಎಚ್ಚರದ ಗುಂಪಿನವು. ಮಧ್ಯಕಿವಿಯ ಸೋಂಕಿಗೆ ಕೊಡಬೇಕಾದ್ದು ಮೊದಲ ಗುಂಪಿನ, ಅಗ್ಗದ ಆ ಹಳೆಯ ಔಷಧವೇ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಗುಣ ಹೆಚ್ಚು ಎಂಬ ಭಾವನೆ ಕೊಳ್ಳುವವರಲ್ಲಿದ್ದರೆ ಅರ್ಥವಾಗುತ್ತದೆ. ಬರೆಯುವವರು ಅದಕ್ಕೆ ಮಣಿಯಬಾರದು.

ಕೆ.ಆರ್. ಪೇಟೆಯಲ್ಲಿ ಅತ್ತೆ ಕಾರು ಹತ್ತಿ, ತಾಂಬೂಲದ ಚೀಲವನ್ನು ಕಾಲಬುಡದಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮಾವ ದನಿ ತಗ್ಗಿಸಿ ಹೊಸ ವಿಷಯ ಎತ್ತಿದರು, ನಿಜವಾಗಿ ಅವರ ಮನಸ್ಸಿನಲ್ಲಿದ್ದದ್ದು ಇದೇ ಇರಬೇಕು.

“ನೋವು ಅಂತ ಬರೋರು ಸರಿ. ಸೋರೋದು ಅಂತ ಬರೋರೇ ಇಲ್ಲ ನೋಡು. ಒಂದು ಹುಡುಗಿ ಅವಳೆ, ನಾಲ್ಕನೇ ಕ್ಲಾಸು. ಕೂಸಿದ್ದಾಗಿಂದ ಎಡಗಿವಿ ಸೋರ್ತದೆ. ಅವರಜ್ಜಿ ‘ದೊಡ್ಡೋಳಾದ್ರೆ ನಿಲ್ತದೆ’ ಅಂತದೆ. ನೋವಿಲ್ಲ, ಅಳಲ್ಲ, ಹಂಗಾಗಿ ಯಾರೂ ಕೇಳಲ್ಲ.”

ವೈದ್ಯೆಯ ಮಾತಿನ ವೇಗವೇ ಬದಲಾಯಿತು. “ಮಾವ, ನನ್ನ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡೋದು ಇದು. ರಾತ್ರಿ ಅಳೋ ಮಗುವಿಗೆ, ಬಹುಪಾಲು ತಾನಾಗಿ ವಾಸಿಯಾಗೋ ಕಿವಿಗೆ, ಒಂದಲ್ಲ ಎರಡು ಆಂಟಿಬಯೋಟಿಕ್ ಬೀಳುತ್ತೆ. ಅಳದೆ ವರ್ಷಗಟ್ಟಲೆ ಸೋರೋ ಕಿವಿಗೆ, ತಾನಾಗಿ ವಾಸಿಯಾಗದ ಕಿವಿಗೆ, ಏನೂ ಇಲ್ಲ. ಅದೇ ಬೀದಿ, ಒಮ್ಮೊಮ್ಮೆ ಅದೇ ಮನೆ. ಕಿವುಡುತನ ಬರೋದು ಎರಡನೆಯದರಿಂದ.”

“ಅದಕ್ಕೂ ಅದೇ ಅಮಾಕ್ಸಿಸಿಲಿನ್ ಅಲ್ವಾ?”

“ಅಲ್ಲವೇ ಅಲ್ಲ. ಹದಿನಾಲ್ಕು ದಿನ ದಾಟಿ ಕೀವು ಬರ್ತಾ ಇದ್ದರೆ ಅದು ಬೇರೆ ರೋಗ. ಅಲ್ಲಿ ಇರೋದು ಹೆಚ್ಚಾಗಿ ಸ್ಯೂಡೊಮೊನಾಸ್, ಸ್ಟ್ಯಾಫಿಲೊಕಾಕಸ್. ಸ್ಯೂಡೊಮೊನಾಸ್‌ಗೆ ಅಮಾಕ್ಸಿಸಿಲಿನ್ ಏನೂ ಮಾಡಲ್ಲ. ಬಾಯಿಂದ ನುಂಗಿದ ಔಷಧಕ್ಕಿಂತ ಕಿವಿಗೆ ಹಾಕೋ ಸಿಪ್ರೊಫ್ಲಾಕ್ಸಸಿನ್ ಹನಿ ಹೆಚ್ಚು ಕೆಲಸ ಮಾಡುತ್ತೆ, ತೂತಾದ ತಮಟೆಯ ಮೂಲಕ ನೇರ ಒಳಗೆ ಹೋಗೋದರಿಂದ. ಆದರೆ ಕೀವಿನ ಮೇಲೆ ಹನಿ ಹಾಕಿದರೆ ಅದು ಕೀವಿನಲ್ಲೇ ಉಳಿಯುತ್ತೆ. ಮೊದಲು ಒರೆಸಿ ಒಣಗಿಸಬೇಕು.”

“ಎಲ್ಲಾ ಹನಿಯೂ ಒಂದೇನಾ? ‘ಕಿವಿಗೆ ಹಾಕೋ ಡ್ರಾಪ್ಸ್ ಕೊಡಿ’ ಅಂತ ಕೇಳ್ತಾರೆ, ಅಷ್ಟೇ.”

“ಅಲ್ಲೇ ಅಪಾಯ. ಗುಗ್ಗೆ ಕರಗಿಸೋ ಹನಿ ತೂತಾದ ಕಿವಿಗೆ ಹೋಗಬಾರದು. ಜೆಂಟಮೈಸಿನ್, ನಿಯೋಮೈಸಿನ್ ಇರೋ ಹನಿ ತಮಟೆ ತೂತಾಗಿದ್ದರೆ ಒಳಕಿವಿಯ ಕೇಳಿಸುವ ಕೋಶಗಳಿಗೆ ಹಾನಿ ಮಾಡಬಹುದು, ಹೋದ ಆ ಕೋಶ ತಿರುಗಿ ಹುಟ್ಟಲ್ಲ. ‘ಕಿವಿ ಸೋರ್ತದಾ?’ ಅಂತ ಒಂದು ಪ್ರಶ್ನೆ ಕೇಳದೆ ಯಾವ ಹನಿಯನ್ನೂ ಕೊಡಬೇಡಿ. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಸೊಪ್ಪಿನ ರಸ ಯಾವುದೂ ಬೇಡ. ನಾಲೆಯ ಮಾತು ಹೇಳಿದಿರಲ್ಲ, ಅದು ಇಲ್ಲಿ ನಿಜ. ತೂತಿದ್ದ ಕಿವಿಗೆ ನೀರು ಹೋದರೆ ನಿಂತ ಸೋರಿಕೆ ಮತ್ತೆ ಶುರುವಾಗುತ್ತೆ.”

“ಆ ಹುಡುಗಿ ಕಿವಿ ವಾಸನೆ ಬತ್ತದೆ. ಪಕ್ಕ ಕೂರೋಕೆ ಮಕ್ಕಳು ಒಪ್ಪಲ್ವಂತೆ.”

ವೈದ್ಯೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. “ಕೆಟ್ಟ ವಾಸನೆಯ ಕೀವು, ಸ್ವಲ್ಪ ಸ್ವಲ್ಪವೇ ಬರ್ತಿದ್ದರೆ, ಕೊಲೆಸ್ಟಿಯಟೋಮ ಇರಬಹುದು. ಚರ್ಮದ ಪದರ ಒಳಗೆ ಸೇರಿಕೊಂಡು ಗಂಟಾಗಿ ಸುತ್ತಲಿನ ಮೂಳೆಯನ್ನೇ ತಿನ್ನುತ್ತಾ ಹೋಗುತ್ತೆ. ಕೇಳಿಸುವ ಮೂರು ಸಣ್ಣ ಮೂಳೆ, ಮುಖದ ನರ, ಕೊನೆಗೆ ಮಿದುಳಿನ ಪೊರೆವರೆಗೆ. ಅದಕ್ಕೆ ಹನಿಯೂ ಸಾಲದು, ಮಾತ್ರೆಯೂ ಸಾಲದು, ಶಸ್ತ್ರಚಿಕಿತ್ಸೆಯೇ. ಆ ಮಗುವನ್ನು ಈ ವಾರವೇ ತೋರಿಸಬೇಕು ಮಾವ.”

“ಎಲ್ಲಿಗೆ ಕಳಿಸ್ಲಿ? ಮೈಸೂರು ಅಂದ್ರೆ ಅವರಪ್ಪ ಹಿಂದೇಟು ಹಾಕ್ತಾನೆ.”

ಈ ನಾಲ್ಕು ತಾಲ್ಲೂಕಿನ ಜನಕ್ಕೆ ಇದರಲ್ಲಿ ಒಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದಲ್ಲಿದೆ. ಅದು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತನ್ನದೊಂದು ಸೇವಾ ಕೇಂದ್ರ ತೆರೆದಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಮಂಡ್ಯದಲ್ಲಿ ಮಿಮ್ಸ್ ವೈದ್ಯಕೀಯ ಕಾಲೇಜು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲಾಮಕ್ಕಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವಾಗ ನೋಡಬೇಕಾದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಮಧ್ಯಕಿವಿಯ ಸೋಂಕೂ ಸೇರಿದೆ, ಕೇಳುವಿಕೆಯ ಕೊರತೆಯೂ ಸೇರಿದೆ. ವ್ಯವಸ್ಥೆ ಇಲ್ಲ ಎನ್ನುವಂತಿಲ್ಲ. ಅಳದ ಮಗುವನ್ನು ಆ ವ್ಯವಸ್ಥೆಯವರೆಗೆ ಕರೆದುಕೊಂಡು ಹೋಗುವವರು ಬೇಕು, ಮತ್ತು ಅಂಥ ಮಗುವನ್ನು ಪದೇ ಪದೇ ಕಣ್ಣಾರೆ ಕಾಣುವವರು ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಔಷಧದ ಅಂಗಡಿಯವರು.

“ಅವಳಿಗೆ ಒಂದು ಕಿವಿ ಮಂದ ಇರಬಹುದು,” ಎಂದರು ವೈದ್ಯೆ. “ಕೂಗಿದರೆ ಓಗೊಡ್ತಾಳಾ?”

“ಟೀವಿ ಜೋರಾಗಿ ಇಡ್ತಾಳಂತೆ. ಮೇಷ್ಟ್ರು ದಡ್ಡಿ ಅಂತಾರಂತೆ.”

“ಮೇಷ್ಟ್ರ ಹತ್ತಿರ ನೀವೇ ಮಾತಾಡಿ, ಬಲಗಿವಿ ಅವರ ಕಡೆ ಬರೋ ಹಾಗೆ ಮುಂದಿನ ಸಾಲಿನಲ್ಲಿ ಕೂರಿಸಲಿ. ಸೋಮವಾರ ಬಿ.ಜಿ. ನಗರಕ್ಕೆ ಕಳಿಸಿ, ಅಲ್ಲಿ ಯಾರನ್ನು ಕಾಣಬೇಕು ಅಂತ ನಾನು ಫೋನ್ ಮಾಡಿ ತಿಳ್ಕೊಂಡು ಹೇಳ್ತೀನಿ. ಹನಿಯ ಚೀಟಿ ಅಲ್ಲಿಯೇ ಬರೆದುಕೊಡ್ತಾರೆ. ಅಲ್ಲಿಯವರೆಗೆ ಕಿವಿ ಒಣಗಿಸೋದನ್ನು ಅವರಮ್ಮನಿಗೆ ಹೇಳಿಕೊಡಿ.”

ಮಾವ ಜೇಬಿನಿಂದ ಪೆನ್ನು ತೆಗೆದು ಲಗ್ನಪತ್ರಿಕೆಯೊಂದರ ಹಿಂಬದಿಯನ್ನು ತೊಡೆಯ ಮೇಲೆ ಹರವಿಕೊಂಡರು. “ಹೇಳು, ಬರ್ಕೋತೀನಿ. ಹತ್ತಿಯಾ, ಬಟ್ಟೆಯಾ?”

“ಒಗೆದು ಒಣಗಿಸಿದ ಮೆತ್ತನೆ ಹತ್ತಿಬಟ್ಟೆ. ಬತ್ತಿ ಹಾಗೆ ಹೊಸೆದು ಕಿವಿಯಲ್ಲಿಟ್ಟು, ಒದ್ದೆಯಾದ ಕೂಡಲೇ ತೆಗೆದು ಹೊಸದು ಇಡಬೇಕು, ಒಣಗಿ ಬರೋವರೆಗೆ. ದಿನಕ್ಕೆ ಮೂರು ಸಲ. ಕಡ್ಡಿ, ಪಿನ್ನು ಯಾವುದೂ ಬೇಡ, ಬತ್ತಿಯನ್ನು ಒಳಗೇ ಬಿಟ್ಟಿರಬಾರದು. ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಬಾಯಿಗೆ ಇಟ್ಟು, ಆಮೇಲೆ ತೆಗೆಯಲಿ.”

“ಹನಿ ಕೊಟ್ಮೇಲೆ?”

“ಒಣಗಿಸಿದ ಮೇಲೆ ಹನಿ, ಎರಡು ವಾರ. ಸೀಸೆಯನ್ನು ಒಂದೆರಡು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಹಾಕಲಿ, ತಣ್ಣಗಿದ್ದರೆ ಮಗುವಿಗೆ ತಲೆ ಸುತ್ತುತ್ತೆ. ಹಾಕಿಸಿಕೊಂಡು ಬಲಮಗ್ಗುಲಿಗೆ, ಎಡಗಿವಿ ಮೇಲೆ ಮಾಡಿ ಐದು ನಿಮಿಷ ಮಲಗಿರಬೇಕು.”

“ಬಲಮಗ್ಗುಲಿಗೆ,” ಎಂದು ಮಾವ ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದರು. “ಸೋಮವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಅಲ್ಲಿರ್ಬೇಕು?”